ಬೋನ್‌ಹಾಫರ್: ಮೂರನೆಯ ಹೆಜ್ಜೆಗೆ ಮೊದಲಿನ ಎರಡು

ಜರ್ಮನಿಯ ಪಾದ್ರಿ, ದೈವಶಾಸ್ತ್ರಜ್ಞ ಡೀಟ್ರಿಚ್ ಬೋನ್‌ಹಾಫರ್ ಎಂದ ಕೂಡಲೇ ಹಿಟ್ಲರನ ವಿರುದ್ಧದ ಸಂಚು, 1945ರ ಏಪ್ರಿಲ್ 9ರ ಗಲ್ಲು, ಇವೆರಡೇ ಮಾತಿಗೆ ಬರುತ್ತವೆ. ಅವರನ್ನು ಇಂದು ಓದುವುದಕ್ಕೆ ಹೆಚ್ಚು ಉಪಯೋಗದ ದಾರಿ 1933ರಲ್ಲಿದೆ.

ಆ ವರ್ಷ ಏಪ್ರಿಲ್ 7ರಂದು ಯೆಹೂದಿ ಮೂಲದವರನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಬಂತು. ಕ್ರೈಸ್ತ ಸಭೆಯೊಳಗೂ, ಅಂದರೆ ಚರ್ಚಿನೊಳಗೂ, ಇದೇ ಕಲಮು ಬೇಕು, ಯೆಹೂದಿ ಮೂಲದ ಪಾದ್ರಿಗಳು ಬೇಡ ಎಂದು ‘ಜರ್ಮನ್ ಕ್ರೈಸ್ತರು’ ಎಂಬ ಗುಂಪು ಪಟ್ಟು ಹಿಡಿಯಿತು. ಆಗ 27ರ ಹರೆಯದ ಬೋನ್‌ಹಾಫರ್ ಒಂದು ಸಣ್ಣ ಲೇಖನ ಬರೆದು, ಸಭೆಯ ಮುಂದೆ ಮೂರು ಹೆಜ್ಜೆಗಳನ್ನಿಟ್ಟರು. ಮೊದಲನೆಯದು, ‘ಇದು ಸರ್ಕಾರ ಮಾಡಬೇಕಾದ ಕೆಲಸವೇ?’ ಎಂದು ಸರ್ಕಾರವನ್ನು ಮತ್ತೆ ಮತ್ತೆ ಕೇಳುವುದು. ಎರಡನೆಯದು, ಅದರ ಕೃತ್ಯದಿಂದ ನೊಂದವರಿಗೆ ಯಾವ ಷರತ್ತೂ ಇಲ್ಲದೆ ನೆರವಾಗುವುದು. ಅವರು ಕ್ರೈಸ್ತರಲ್ಲದಿದ್ದರೂ ಸರಿಯೇ. ಮೂರನೆಯದು, ಚಕ್ರದಡಿ ಸಿಕ್ಕವರ ಗಾಯಕ್ಕೆ ಪಟ್ಟಿ ಕಟ್ಟುವುದಷ್ಟೇ ಅಲ್ಲ, ಚಕ್ರವನ್ನೇ ತಡೆಯುವುದು.

ಎಡವುವುದು ಇಲ್ಲೇ. ಎಲ್ಲರಿಗೂ ಮೂರನೆಯದೇ ಬೇಕು. ಅಮೆರಿಕದಲ್ಲಿ ಎಡದವರೂ ಬಲದವರೂ ‘ಇದು ನಮ್ಮ ಬೋನ್‌ಹಾಫರ್ ಕ್ಷಣ’ ಎನ್ನುತ್ತಾರೆ. ಆದರೆ ಲೇಖನ ಆ ಹೆಜ್ಜೆಗೆ ಎರಡು ಬೀಗ ಹಾಕಿದೆ. ಸರ್ಕಾರ ಒಂದು ಜನವರ್ಗದ ಹಕ್ಕನ್ನೇ ಕಿತ್ತುಕೊಂಡಿರಬೇಕು, ಅಂದರೆ ಕಾನೂನು ತೀರಾ ಕಡಿಮೆಯಾಗಿರಬೇಕು. ಇಲ್ಲವೇ ಸಭೆಯ ಬೋಧನೆಗೇ ಕೈಹಾಕಿರಬೇಕು, ಅಂದರೆ ಕಾನೂನು ಮಿತಿಮೀರಿರಬೇಕು. ಇದು ಒಂದನೆಯ ಬೀಗ. ಸಮಯ ಬಂತೆಂದು ತೀರ್ಮಾನಿಸುವುದು ಒಬ್ಬನ ಸಿಟ್ಟಲ್ಲ, ಸಭೆಯ ಮಹಾಸಮ್ಮೇಳನ ಎಂಬುದು ಎರಡನೆಯದು. ಅಂಥ ಸಮ್ಮೇಳನ ಕೊನೆಗೂ ಸೇರಲಿಲ್ಲ. ಮುಂದೆ ಸಂಚಿಗೆ ಕೈಜೋಡಿಸಿದಾಗಲೂ ಅವರು ಅದನ್ನು ಪುಣ್ಯಕಾರ್ಯ ಎನ್ನಲಿಲ್ಲ. ಪಾಪದ ಹೊರೆಯನ್ನು ತಿಳಿದೇ ಹೊರುವುದು ಎಂದರು.

ಈ ಲೇಖನದಲ್ಲಿ ಕಳಂಕವೂ ಇದೆ. ಕ್ರಿಸ್ತನನ್ನು ಶಿಲುಬೆಗೇರಿಸಿದ್ದಕ್ಕೆ ಯೆಹೂದಿಗಳ ಮೇಲೆ ಶಾಪವಿದೆ ಎಂಬ ಹಳೆಯ ಮಾತು ಅದರಲ್ಲಿ ಹಾಗೇ ಉಳಿದುಕೊಂಡಿದೆ. ಅಭಿಮಾನಿಗಳು ಆ ಪ್ಯಾರಾ ಹಾರಿಸಿ ಓದುತ್ತಾರೆ, ಅದು ತಪ್ಪು. ದ್ವೇಷದ ಬೋಧನೆ ಅದನ್ನು ಎದುರಿಸುವವರ ಬಾಯಲ್ಲೂ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯ ಹೆಜ್ಜೆಯನ್ನು ಹತ್ತಿರದಿಂದ ನೋಡಿ. 1942ರಲ್ಲಿ ‘ಕಾರ್ಯಾಚರಣೆ 7’ ಎಂಬ ಗುಟ್ಟಿನ ಹೆಸರಿನಲ್ಲಿ ಯೆಹೂದಿ ಮೂಲದ 14 ಮಂದಿಯನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಲಾಯಿತು. ಕಾಗದಪತ್ರದಲ್ಲಿ ಅವರು ಸೇನಾ ಗುಪ್ತಚರ ಇಲಾಖೆಯ ಏಜೆಂಟರು. ಇದನ್ನು ನಡೆಸಿದವರು ಆ ಇಲಾಖೆಯಲ್ಲಿದ್ದ ಬೋನ್‌ಹಾಫರರ ಭಾವ ಹಾನ್ಸ್ ಫಾನ್ ದೋನಾನಿ. ಅಲ್ಲಿನ ಸಭೆಗಳ ಸಂಪರ್ಕ ಬೋನ್‌ಹಾಫರರದು. ಹೋದವರು ಅಲ್ಲಿ ಬದುಕಬೇಕಲ್ಲ, ಅದಕ್ಕೆ ವಿದೇಶಿ ಹಣ ಕಳಿಸಬೇಕಾಯಿತು. ತನಿಖೆಗೆ ಸುಳಿವು ಸಿಕ್ಕಿದ್ದು ಇಂಥ ಹಣದ ಜಾಡಿನಲ್ಲಿ. 1943ರ ಏಪ್ರಿಲ್ 5ರಂದು ಇಬ್ಬರೂ ಬಂಧನಕ್ಕೊಳಗಾದರು. ಸಂಚಿನ ಕಡತಗಳು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿದ್ದು 1944ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ, ಹದಿನೇಳು ತಿಂಗಳು, ಅವರು ಸೆರೆಯಲ್ಲಿದ್ದದ್ದು ಮೂರನೆಯ ಹೆಜ್ಜೆಗಾಗಿ ಅಲ್ಲ.