ಹೋಗುವ ನೀರು ಎಲ್ಲಿಗೆ?

ಅಧ್ಯಕ್ಷರೇ, ಸದಸ್ಯ ಮಿತ್ರರೇ,

ಹೊಸ ಬಡಾವಣೆಯ ಕಡತ ಸಭೆಗೆ ಬಂದಾಗ ಏನೇನು ಚರ್ಚೆಯಾಗುತ್ತದೆ ಅಂತ ನಾನು ನಿಮಗೆ ಹೇಳಬೇಕಿಲ್ಲ. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಜಾಗ ಬಿಟ್ಟಿದ್ದಾರಾ, ಕುಡಿಯುವ ನೀರು ಎಲ್ಲಿಂದ. ಬರುವ ನೀರಿಗೆ ಒಂದು ಗಂಟೆ ಜಗಳ. ಹೋಗುವ ನೀರಿಗೆ ಕಡತದಲ್ಲಿ ಒಂದೇ ಸಾಲು: ‘ಹಾಲಿ ಒಳಚರಂಡಿಗೆ ಸಂಪರ್ಕ ಕಲ್ಪಿಸಲಾಗುವುದು’. ಇವತ್ತಿನ ನನ್ನ ತಕರಾರೆಲ್ಲ ಆ ಸಾಲಿನ ಮೇಲೆ.

ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. 200 ಮನೆ, ಮನೆಗೆ ಐದು ಜನ, ಸಾವಿರ ತಲೆ. ತಲೆಗೆ ದಿನಕ್ಕೆ 135 ಲೀಟರ್ ಇಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ ವಾಪಸ್ ಬರುತ್ತದೆ. ದಿನಕ್ಕೆ 1,08,000 ಲೀಟರ್, ಅಂದರೆ ಸೆಕೆಂಡಿಗೆ ಒಂದೂಕಾಲು ಲೀಟರ್. ಆದರೆ ಜನ ದಿನವಿಡೀ ಹದವಾಗಿ ಸ್ನಾನ ಮಾಡುವುದಿಲ್ಲ, ಬೆಳಿಗ್ಗೆ ಆರೂವರೆಗೆ ಇಡೀ ಬಡಾವಣೆ ಬಚ್ಚಲಲ್ಲಿರುತ್ತದೆ. ಆ ಹೊತ್ತಿಗೆ ಮೂರು ಪಟ್ಟು ಹಿಡಿಯಬೇಕು: ಸೆಕೆಂಡಿಗೆ 3.75 ಲೀಟರ್.

150 ಎಂಎಂ ಪೈಪು, ಸಾವಿರ ಮೀಟರಿಗೆ ಆರು ಮೀಟರ್ ವಾಟ ಇದ್ದರೆ, ಸೆಕೆಂಡಿಗೆ ಸುಮಾರು 11 ಲೀಟರ್ ಒಯ್ಯುತ್ತದೆ. ‘ನೋಡಿ, ಬೇಕಾದಷ್ಟಿದೆ’ ಅನ್ನುತ್ತಾರೆ ಡೆವಲಪರ್. ಹೌದು, ಅವರ ಬಡಾವಣೆಯೊಳಗೆ ಬೇಕಾದಷ್ಟಿದೆ. ಅದು ಹೋಗಿ ಸೇರುವ ಹಳೇ ಲೈನೂ 150 ಎಂಎಂದೇ ಆಗಿದ್ದು, ಅದರ ಮೇಲೆ ಆಗಲೇ 2,500 ಜನ ಇದ್ದರೆ? ಅಲ್ಲಿ ಬೆಳಗಿನ ಹೊತ್ತು 9.4 ಲೀಟರ್ ಹರಿಯುತ್ತಿದೆ. ಕೂಡಿಸಿ. ಹದಿಮೂರು ದಾಟಿತು. ಮಿಕ್ಕದ್ದು ಮೇಲೆ ಬರಲೇಬೇಕು. ಎಲ್ಲಿ ಬರುತ್ತದೆ? ಹೊಸ ಬಡಾವಣೆಯಲ್ಲಂತೂ ಅಲ್ಲ. ಕೆಳಗಿನ ಹಳೇ ಬೀದಿಯ ತೀರಾ ತಗ್ಗಿನ ಮ್ಯಾನ್‌ಹೋಲಿನಲ್ಲಿ, ಈ ಪ್ರಸ್ತಾವದ ಹೆಸರೂ ಕೇಳದವರ ಮನೆ ಬಾಗಿಲಲ್ಲಿ. ಓಟು ಕೇಳಲು ನೀವು ಹೋಗುವುದೂ ಆ ಬಾಗಿಲಿಗೇ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಬಾಗಿಲು ಅಂದಾಗ ನೆನಪಾಯಿತು. ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಕತೆ ನಿಮಗೆ ಗೊತ್ತು. 1854ರ ಕಾಲರಾ. ಡಾಕ್ಟರ್ ಜಾನ್ ಸ್ನೋ ಸೆಪ್ಟೆಂಬರ್ 7ರಂದು ಅಲ್ಲಿನ ಪ್ಯಾರಿಷ್ ಮಂಡಳಿಯ ಮುಂದೆ ನಿಂತು ಪಂಪಿನ ನೀರೇ ಕಾರಣ ಅಂದರು, ಮಾರನೇ ದಿನ ಮಂಡಳಿ ಪಂಪಿನ ಹಿಡಿ ಕಳಚಿಸಿತು. ನಿಮ್ಮಂಥದ್ದೇ ಚಿಕ್ಕ ಮಂಡಳಿ. ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಮುಂದಿನದು. ಹಿಡಿ ತೆಗೆಯುವ ಹೊತ್ತಿಗೆ ರೋಗ ಇಳಿಮುಖವಾಗಿತ್ತು, ಜನ ಆಗಲೇ ಆ ಜಾಗ ಬಿಟ್ಟಿದ್ದರು ಅಂತ ಸ್ನೋ ಅವರೇ ಬರೆದರು. ಅವರ ವಾದವನ್ನು ಮೊದಲು ಒಪ್ಪದೆ, ಸುಳ್ಳೆಂದು ತೋರಿಸಲು ಹೊರಟ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಮನೆಮನೆ ಸುತ್ತಿ ಕೊನೆಗೆ 40ನೇ ನಂಬರಿನ ಮನೆಗೆ ಬಂದು ನಿಂತರು. ಅಲ್ಲೊಂದು ಕೂಸು ಬೇಧಿಯಾಗಿ ತೀರಿಕೊಂಡಿತ್ತು. ತಾಯಿ ಬಟ್ಟೆ ಒಗೆದ ನೀರನ್ನು ಮನೆ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಸಡಿಲವಾಗಿದೆ, ಪಂಪಿನ ಬಾವಿ ಮೂರಡಿಯೂ ದೂರವಿಲ್ಲ. ಇನ್ನೂ ಇದೆ, ಕೇಳಿ: ಹಿಡಿ ಕಳಚಿದ ಸೆಪ್ಟೆಂಬರ್ 8ರಂದೇ ಆ ಕೂಸಿನ ಅಪ್ಪ ಹಾಸಿಗೆ ಹಿಡಿದ. ಅದೇ ಗುಂಡಿಗೆ ಮತ್ತೆ ರೋಗದ ನೀರು ಬಿತ್ತು. ಹಿಡಿ ಇದ್ದಿದ್ದರೆ ಎರಡನೇ ಸುತ್ತು ಶುರುವಾಗುತ್ತಿತ್ತೇನೋ. ಬರುವ ನೀರಿನ ಹಿಡಿ ಎಲ್ಲರಿಗೂ ಕಂಡಿತು. ಹೋಗುವ ನೀರಿನ ಗುಂಡಿ ಕಾಣಲು ನೆಲ ಅಗೆಯಬೇಕಾಯಿತು.

ಚೀಟಿ ಬಂತು, ಇನ್ನು ಹದಿನೈದೇ ನಿಮಿಷ ಅಂತೆ. ಬ್ರಾಡ್ ಸ್ಟ್ರೀಟು ನನ್ನ ಹೊತ್ತನ್ನು ಯಾವತ್ತೂ ನುಂಗುತ್ತದೆ.

ಮಳೆ ನೀರಿನ ಮಾತು ಬಿಡುವಂತಿಲ್ಲ. ಗಂಟೆಗೆ 30 ಎಂಎಂ ಮಳೆ, ನೂರು ಚದರ ಮೀಟರಿನ ತಾರಸಿ: ಗಂಟೆಗೆ 3,000 ಲೀಟರ್. ತಾರಸಿಯ ಪೈಪನ್ನು ಮನೆಯವರು ಸದ್ದಿಲ್ಲದೆ ಯುಜಿಡಿ, ಅಂದರೆ ಒಳಚರಂಡಿಯ, ಚೇಂಬರಿಗೆ ಇಳಿಸಿದರೆ, ಅಂಥ ಐದೇ ಐದು ಮನೆ ಸಾಕು, ಸೆಕೆಂಡಿಗೆ ನಾಲ್ಕು ಲೀಟರ್ ದಾಟುತ್ತದೆ. 200 ಮನೆಯ ಬೆಳಗಿನ ಕೊಳಚೆಗಿಂತ ಹೆಚ್ಚು! ‘ಮಳೆ ಬಂದಾಗ ಮಾತ್ರ ಉಕ್ಕುತ್ತೆ ಸಾರ್’ ಅನ್ನುವ ದೂರಿನ ಗುಟ್ಟು ಬಹುಮಟ್ಟಿಗೆ ಇಷ್ಟೇ. ನೀರು ರಭಸವಾಗಿ ಚಿಮ್ಮಿಸಿ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿ ಕಳಿಸಿ ಪ್ರಯೋಜನವಿಲ್ಲ. ತಾರಸಿಯ ಪೈಪಿಗೆ ಬಣ್ಣದ ನೀರು ಹೊಯ್ದು, ಕೆಳಗಿನ ಚೇಂಬರಿನಲ್ಲಿ ಬಣ್ಣ ಬರುತ್ತದಾ ನೋಡಿ. ಬಂದರೆ ಆ ಪೈಪನ್ನು ಮಳೆನೀರು ಚರಂಡಿಗೆ ತಿರುಗಿಸಿ.

ಹಾಗಾದರೆ ಒಪ್ಪಿಗೆಗೆ ಮುಂಚೆ ಏನು ಕೇಳಬೇಕು? ಮಳೆಯಿಲ್ಲದ ಮೂರು ದಿನ, ಬೆಳಿಗ್ಗೆ ಆರರಿಂದ ಒಂಬತ್ತು, ಹೊಸ ಲೈನು ಸೇರುವ ಜಾಗದಿಂದ ಕೆಳಕ್ಕಿರುವ ಮ್ಯಾನ್‌ಹೋಲುಗಳಲ್ಲಿ ನೀರಿನ ಮಟ್ಟ ಅಳೆಸಿ. ಮೇಲಿನಿಂದಲೇ, ಕೋಲಿನಿಂದ. ಯಾರನ್ನೂ ಒಳಗೆ ಇಳಿಸಕೂಡದು, ಒಳಗಿನ ವಿಷಗಾಳಿ ಎರಡು ಉಸಿರಿನಲ್ಲಿ ಆಳನ್ನು ಕೆಡವುತ್ತದೆ. ಒಣ ದಿನದಲ್ಲೇ ಪೈಪು ಮುಕ್ಕಾಲು ತುಂಬಿ ಹರಿಯುತ್ತಿದ್ದರೆ ಆ ಲೈನು ಹೊಸ ಮನೆ ತಾಳುವುದಿಲ್ಲ. ಕೆಳಗೆ ಪಂಪ್‌ಹೌಸ್ ಇದ್ದರೆ ಬೆಳಗಿನ ಹೊತ್ತು ಎರಡು ಗಂಟೆ ಕಾಲ ಕರೆಂಟು ಹೋದಾಗ ಏನಾಗುತ್ತದೆ ಕೇಳಿ. ಹೊಸ ಬಡಾವಣೆಯದೇ 27,000 ಲೀಟರ್. ಕೊಳಚೆ ಬಂದು ನಿಲ್ಲುವ ಬಾವಿ, ಅಂದರೆ ವೆಟ್‌ವೆಲ್ಲಿನಲ್ಲಿ, ಅಷ್ಟು ಜಾಗವಿದೆಯಾ, ಜನರೇಟರಿಗೆ ಡೀಸೆಲ್ ಯಾರು ಹಾಕುತ್ತಾರೆ?

ಕಸದ ಗಾಡಿ, ಬೀದಿದೀಪ, ಅಗ್ನಿಶಾಮಕ ವಾಹನ ತಿರುಗುವ ಜಾಗ ಬರೆದು ತಂದಿದ್ದೆ, ಹೊತ್ತಿಲ್ಲ. ನೀರಿನ ಒತ್ತಡಕ್ಕೆ ಒಂದೇ ಮಾತು: ಹತ್ತು ಮೀಟರ್ ಎತ್ತರದ ಟ್ಯಾಂಕು ನೆಲಮಟ್ಟದ ನಲ್ಲಿಗೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಕೊಡುತ್ತದೆ, ಮೂರನೇ ಮಹಡಿಗೆ ಅದು ಏರುವುದಿಲ್ಲ.

ಹಸ್ತಾಂತರದ ದಿನ ಎರಡು ಕೆಲಸ. ಒಂದು ಮ್ಯಾನ್‌ಹೋಲಿನಿಂದ ಟಾರ್ಚ್ ಬಿಟ್ಟು ಮುಂದಿನದರಲ್ಲಿ ಕನ್ನಡಿ ಹಿಡಿಸಿ. ಬೆಳಕು ದುಂಡಗೆ ಕಂಡರೆ ಪೈಪು ನೇರ, ಅರ್ಧ ಕಂಡರೆ ಎಲ್ಲೋ ಕುಸಿದಿದೆ. ನಿಜವಾಗಿ ಹೂತ ಪೈಪಿನ ಆಳ, ಅಳತೆ ತೋರಿಸುವ ನಕ್ಷೆ ಕೈಗೆ ಬರುವವರೆಗೆ ಸಹಿ ಬೇಡ. ಡೆವಲಪರ್ ಕಟ್ಟಿದ ಭದ್ರತಾ ಠೇವಣಿಯನ್ನು ಒಂದು ಮಳೆಗಾಲ ಕಳೆಯುವ ಮೊದಲು ಬಿಡುಗಡೆ ಮಾಡಬೇಡಿ. ಎರಡನೇ ಚೀಟಿಯೂ ಬಂತು. ನಮಸ್ಕಾರ.