ಗೋಲಿನ ಮುಂದೆ ಎರಡು ದಶಕ: ಕತ್ರೀನೆ ಲುಂಡೆ

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 10ರಂದು ಫ್ರಾನ್ಸಿನ ಲಿಲ್ ನಗರದ ಕ್ರೀಡಾಂಗಣದಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಹ್ಯಾಂಡ್‌ಬಾಲ್ ಅಂತಿಮ ಪಂದ್ಯ ನಡೆಯಿತು. ಆತಿಥೇಯ ಫ್ರಾನ್ಸ್ ತಂಡವನ್ನು, ಅದರ ಅಭಿಮಾನಿಗಳೇ ಕಿಕ್ಕಿರಿದಿದ್ದ ಆ ಅಂಗಳದಲ್ಲಿ, ನಾರ್ವೆ 29–21ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಅಂದು ಪದಕ ಕೊರಳಿಗೇರಿಸಿಕೊಂಡ ನಾರ್ವೆಯ ಗೋಲ್‌ಕೀಪರ್ ಕತ್ರೀನೆ ಲುಂಡೆ ಅವರಿಗೆ 44 ವರ್ಷ ವಯಸ್ಸಾಗಿತ್ತು. ಅವರ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹದಿನಾರು ವರ್ಷಗಳ ಹಿಂದೆ, 2008ರ ಬೀಜಿಂಗ್‌ನಲ್ಲಿ. ಪ್ಯಾರಿಸ್ ತಂಡದ ಪ್ರಮುಖ ಗೋಲುಗಾರ್ತಿ ಹೆನ್ನಿ ರೈಸ್ಟಾಡ್ ಆಗ ಒಂಬತ್ತು ವರ್ಷದ ಹುಡುಗಿ. ಇವತ್ತಿನ ಮಾತು ಈ ಲುಂಡೆ ಅವರನ್ನು ಕುರಿತದ್ದು.

ಹ್ಯಾಂಡ್‌ಬಾಲ್ ನಮ್ಮಲ್ಲಿ ಶಾಲಾ ಕ್ರೀಡಾಕೂಟಗಳಲ್ಲಿ, ಹೆಚ್ಚಾಗಿ ಬಯಲಿನ ಮಣ್ಣಿನ ಅಂಗಳದಲ್ಲಿ, ಕಾಣಸಿಗುವ ಆಟ. ಯುರೋಪಿನಲ್ಲಿ ಅದು ಮರದ ಹಾಸಿನ ಒಳಾಂಗಣದ ಆಟ, ಸಾವಿರಾರು ಪ್ರೇಕ್ಷಕರ ಆಟ. ನಾರ್ವೆಯಲ್ಲಂತೂ ಮಹಿಳೆಯರ ರಾಷ್ಟ್ರೀಯ ತಂಡ ಬಹುಕಾಲದಿಂದ ಪುರುಷರ ತಂಡಕ್ಕಿಂತ ಹೆಚ್ಚು ಗೆದ್ದಿರುವ ತಂಡ. ಅಂಗಳದ ಉದ್ದ 40 ಮೀಟರ್, ಅಗಲ 20 ಮೀಟರ್. ಗೋಲಿನ ಅಗಲ 3 ಮೀಟರ್, ಎತ್ತರ 2 ಮೀಟರ್. ಗೋಲ್‌ಕೀಪರ್ ಸೇರಿ ಪ್ರತಿ ತಂಡಕ್ಕೆ ಏಳು ಮಂದಿ. ಅರ್ಧ ಗಂಟೆಯ ಎರಡು ಅವಧಿಗಳ ಪಂದ್ಯದಲ್ಲಿ ಒಂದೊಂದು ತಂಡ ಇಪ್ಪತ್ತೈದು, ಮೂವತ್ತು ಗೋಲು ಹೊಡೆಯುವುದು ಸಾಮಾನ್ಯ. ಗೋಲಿನ ಸುತ್ತ ಆರು ಮೀಟರ್ ದೂರದಲ್ಲಿ ಒಂದು ಗೆರೆಯಿದೆ. ಅದರ ಒಳಗೆ ನೆಲದ ಮೇಲೆ ಕಾಲಿಡುವ ಹಕ್ಕು ಗೋಲ್‌ಕೀಪರ್‌ಗೆ ಮಾತ್ರ. ಆದರೆ ಎದುರಾಳಿ ಆ ಗೆರೆಯ ಹೊರಗಿನಿಂದ ನೆಗೆದು, ಗಾಳಿಯಲ್ಲಿರುವಾಗಲೇ ಚೆಂಡೆಸೆಯಬಹುದು. ಹೀಗಾಗಿ ಎಷ್ಟೋ ಎಸೆತಗಳು ನಾಲ್ಕು ಐದು ಮೀಟರ್ ದೂರದಿಂದಲೇ ಬರುತ್ತವೆ.

ಏಳು ಮೀಟರ್ ಎಸೆತವನ್ನೇ ನೋಡೋಣ. ಫುಟ್‌ಬಾಲಿನ ಪೆನಾಲ್ಟಿಗೆ ಸಮನಾದದ್ದು ಇದು. ಎಸೆಯುವವಳು ಏಳು ಮೀಟರ್ ಗೆರೆಯ ಹಿಂದೆ ನಿಲ್ಲುತ್ತಾಳೆ. ಗೋಲ್‌ಕೀಪರ್ ಬಯಸಿದರೆ ನಾಲ್ಕು ಮೀಟರ್ ಗುರುತಿನವರೆಗೂ ಮುಂದೆ ಬರಬಹುದು. ಬಂದರೆ ಇಬ್ಬರ ನಡುವೆ ಉಳಿಯುವ ಅಂತರ ಮೂರು ಮೀಟರ್. ಮುಂದೆ ಬಂದಷ್ಟೂ ಗೋಲಿನ ಹೆಚ್ಚು ಭಾಗ ಮೈಯ ಹಿಂದೆ ಮರೆಯಾಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಕೈಕಾಲು ಆಡಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ, ಮೇಲಾಗಿ ತಲೆಯ ಮೇಲಿಂದ ಚೆಂಡನ್ನು ಮೆಲ್ಲಗೆ ತೇಲಿಬಿಡುವ ಅವಕಾಶವೂ ಎಸೆಯುವವಳಿಗೆ ತೆರೆದುಕೊಳ್ಳುತ್ತದೆ. ಗೋಲ್‌ಕೀಪರ್ ಕೈಗೆ ಗವಸು ಇರುವುದಿಲ್ಲ. ತುಂಬುತೋಳಿನ ಅಂಗಿ, ಉದ್ದನೆಯ ಪ್ಯಾಂಟು, ಅಷ್ಟೇ. ಹಿಡಿತ ಬಿಗಿಯಾಗಲೆಂದು ಆಟಗಾರ್ತಿಯರು ಬೆರಳಿಗೆ ಅಂಟು ಹಚ್ಚಿಕೊಂಡಿರುವುದರಿಂದ, ಮಣಿಕಟ್ಟನ್ನು ಕೊನೆಯ ಗಳಿಗೆಯಲ್ಲಿ ತಿರುಗಿಸಿ ಚೆಂಡಿನ ದಿಕ್ಕನ್ನೇ ಬದಲಾಯಿಸುವುದು ಅವರಿಗೆ ಸಾಧ್ಯ. ಚೆಂಡು ಕೈಬಿಟ್ಟ ಮೇಲೆ ನೋಡಿ ತಡೆಯುತ್ತೇನೆ ಎಂದರೆ ಆಗಿಹೋಯಿತು. ಭುಜ, ಮೊಣಕೈ, ನೆಗೆತದ ಕೋನ, ಆ ಎದುರಾಳಿ ಹಿಂದಿನ ಪಂದ್ಯಗಳಲ್ಲಿ ಯಾವ ಮೂಲೆಗೆ ಎಸೆದಿದ್ದಳು ಎಂಬ ನೆನಪು, ಇವುಗಳಿಂದಲೇ ಊಹಿಸಿ ಅರೆಕ್ಷಣ ಮೊದಲೇ ಹೊರಡಬೇಕು, ಆದರೆ ತೀರ ಮೊದಲೂ ಹೊರಡಬಾರದು.

ಇಷ್ಟೆಲ್ಲ ಮಾಡಿಯೂ ಗೋಲಿನತ್ತ ಬಂದ ನೂರು ಎಸೆತಗಳಲ್ಲಿ ಮೂವತ್ತೈದನ್ನು ತಡೆದರೆ ಒಳ್ಳೆಯ ಗೋಲ್‌ಕೀಪರ್, ನಲವತ್ತನ್ನು ತಡೆದರೆ ಅಸಾಧಾರಣ ಗೋಲ್‌ಕೀಪರ್. ಅಂದರೆ ಅತ್ಯುತ್ತಮ ಗೋಲ್‌ಕೀಪರ್ ಕೂಡ ಸಾಮಾನ್ಯವಾಗಿ ತಡೆದದ್ದಕ್ಕಿಂತ ಬಿಟ್ಟುಕೊಟ್ಟದ್ದೇ ಹೆಚ್ಚು. ನನ್ನ ಮಟ್ಟಿಗೆ ಲುಂಡೆ ಅವರ ವ್ಯಕ್ತಿತ್ವವನ್ನು ಅರಿಯಲು ಇರುವ ಬಾಗಿಲು ಈ ಲೆಕ್ಕವೇ. ಪಂದ್ಯವೊಂದರಲ್ಲಿ ಇಪ್ಪತ್ತು ಸಲ ಬಲೆಯೊಳಗಿನ ಚೆಂಡನ್ನು ಹೆಕ್ಕಿ ಕೊಟ್ಟು, ಇಪ್ಪತ್ತೊಂದನೆಯ ಎಸೆತಕ್ಕೆ ಮೊದಲನೆಯದಕ್ಕೆಂಬಂತೆ ಸಿದ್ಧಳಾಗಿ ನಿಲ್ಲುವ ಮನಸ್ಸು ಬೇಕು. ಚುರುಕುತನ ಹಲವರಿಗೆ ಇರುತ್ತದೆ. ಈ ಮನಸ್ಸನ್ನು ಇಪ್ಪತ್ತು ವರ್ಷಕ್ಕೂ ಮೀರಿ ಕಾಪಾಡಿಕೊಂಡವರು ವಿರಳ.

ಲುಂಡೆ ಹುಟ್ಟಿದ್ದು 1980ರ ಮಾರ್ಚ್ 30ರಂದು, ನಾರ್ವೆಯ ದಕ್ಷಿಣ ಕರಾವಳಿಯ ಕ್ರಿಸ್ಟಿಯಾನ್ಸಾಂಡ್ ಪಟ್ಟಣದಲ್ಲಿ. ಅವರದು ಅವಳಿ ಜನನ. ಸೋದರಿ ಕ್ರಿಸ್ಟೀನೆಯೂ ಹ್ಯಾಂಡ್‌ಬಾಲ್ ಆಟಗಾರ್ತಿಯೇ, ಆದರೆ ಅವರು ಅಂಗಳದ ನಡುವೆ ನಿಂತು ಆಟ ಕಟ್ಟುವವರು. ಇಬ್ಬರೂ ಒಟ್ಟಿಗೆ ರಾಷ್ಟ್ರೀಯ ತಂಡದಲ್ಲಿ ಆಡಿದರು, ಡೆನ್ಮಾರ್ಕಿನ ಕ್ಲಬ್‌ಗಳಲ್ಲೂ ಜೊತೆಗಿದ್ದರು, ಬೀಜಿಂಗ್ ಚಿನ್ನವನ್ನೂ ಒಟ್ಟಿಗೇ ಗೆದ್ದರು. 2008ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು ಕ್ರಿಸ್ಟೀನೆ. ನಾರ್ವೆಯ ಹ್ಯಾಂಡ್‌ಬಾಲಿನಲ್ಲಿ ಅವಳಿಗಳಿಗೆ ಬರವಿಲ್ಲ: ನೋರಾ ಮತ್ತು ಥೇಯಾ ಮೋರ್ಕ್ ಅವಳಿಗಳು, ಲುಂಡೆ ಅವರ ಜೊತೆ ವರ್ಷಗಟ್ಟಲೆ ಗೋಲ್‌ಕೀಪರ್ ಸ್ಥಾನ ಹಂಚಿಕೊಂಡ ಸಿಲ್ಯೆ ಸೋಲ್‌ಬರ್ಗ್ ಅವರಿಗೂ ಸನ್ನಾ ಎಂಬ ಅವಳಿ ಸೋದರಿ ಅದೇ ತಂಡದಲ್ಲಿ. ಇದಕ್ಕೆ ಕಾರಣ ಹುಡುಕುವುದು ವ್ಯರ್ಥ, ಕಾಕತಾಳೀಯವೆಂದೇ ಬಿಡೋಣ.

2002ರಲ್ಲಿ ಲುಂಡೆ ರಾಷ್ಟ್ರೀಯ ತಂಡಕ್ಕೆ ಬಂದರು. ಆಗ ತರಬೇತುದಾರರಾಗಿದ್ದವರು ಮಾರಿಟ್ ಬ್ರೈವಿಕ್. 1994ರಿಂದ 2009ರವರೆಗೆ ತಂಡವನ್ನು ನಡೆಸಿದ ಬ್ರೈವಿಕ್ ನಾರ್ವೆಯ ಮಹಿಳಾ ಹ್ಯಾಂಡ್‌ಬಾಲಿಗೆ ಇಂದಿನ ಸ್ವರೂಪ ಕೊಟ್ಟವರು. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ನಾರ್ವೆ ಅರ್ಹತೆಯನ್ನೇ ಪಡೆಯಲಿಲ್ಲ. ಅದೇ ವರ್ಷದ ಕೊನೆಯಲ್ಲಿ ತಂಡ ಯುರೋಪಿಯನ್ ಚಾಂಪಿಯನ್ ಆಯಿತು; 2006, 2008, 2010ರಲ್ಲೂ ಆ ಪಟ್ಟ ಉಳಿಸಿಕೊಂಡಿತು. ನಾಲ್ಕೂ ತಂಡಗಳಲ್ಲಿ ಲುಂಡೆ ಇದ್ದರು. ಬೀಜಿಂಗ್‌ನಲ್ಲಿ ರಷ್ಯಾವನ್ನು 34–27ರಿಂದ ಸೋಲಿಸಿದಾಗ ಆ ಒಲಿಂಪಿಕ್ಸ್‌ನ ಶ್ರೇಷ್ಠ ಗೋಲ್‌ಕೀಪರ್ ಎಂದು ಆಯ್ಕೆಯಾದವರೂ ಅವರೇ.

ಬ್ರೈವಿಕ್ ಅವರ ಬಳಿಕ ಅವರ ಸಹಾಯಕರಾಗಿದ್ದ ಐಸ್‌ಲ್ಯಾಂಡಿನ ಥೋರಿರ್ ಹೆರ್ಗೈರ್ಸನ್ ತಂಡದ ಹೊಣೆ ಹೊತ್ತು 2024ರವರೆಗೂ ಮುಂದುವರಿದರು. ಅವರ ಕಾಲದ ಲಂಡನ್ ಒಲಿಂಪಿಕ್ಸ್ ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. 2011ರಲ್ಲಿ ಬ್ರೆಜಿಲ್‌ನಲ್ಲಿ ಫ್ರಾನ್ಸನ್ನು 32–24ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಗಿ ಬಂದಿದ್ದ ನಾರ್ವೆ, ಲಂಡನ್ನಿನ ಮೊದಲ ಪಂದ್ಯದಲ್ಲೇ ಅದೇ ಫ್ರಾನ್ಸಿಗೆ ಒಂದು ಗೋಲಿನಿಂದ ಸೋತು, ತಡವರಿಸುತ್ತ ಗುಂಪಿನಲ್ಲಿ ನಾಲ್ಕನೆಯ ಸ್ಥಾನ ಹಿಡಿದು ಹೇಗೋ ಕ್ವಾರ್ಟರ್ ಫೈನಲ್ ತಲುಪಿತು. ಎದುರಿಗೆ ಇನ್ನೊಂದು ಗುಂಪಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಬ್ರೆಜಿಲ್. ಅರ್ಧವಿರಾಮಕ್ಕೆ ಸ್ಕೋರು 13–9, ನಾರ್ವೆ ಹಿಂದೆ. ಉಳಿದ ಮೂವತ್ತು ನಿಮಿಷದಲ್ಲಿ ಬ್ರೆಜಿಲ್ ಹೊಡೆದದ್ದು ಆರೇ ಗೋಲು. ನಾರ್ವೆ 21–19ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾ, ಫೈನಲ್‌ನಲ್ಲಿ 26–23ರಿಂದ ಮಾಂಟೆನೆಗ್ರೊ ಸೋತು, ಚಿನ್ನ ಮತ್ತೆ ನಾರ್ವೆಗೆ ಬಂತು. ನಾಲ್ಕೇ ತಿಂಗಳ ಬಳಿಕ ಅದೇ ಮಾಂಟೆನೆಗ್ರೊ ಯುರೋಪಿಯನ್ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯ ಬಳಿಕ ನಾರ್ವೆಯನ್ನು ಮಣಿಸಿ ಲೆಕ್ಕ ಸರಿಮಾಡಿಕೊಂಡಿತು ಎನ್ನುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಗೋಲ್‌ಕೀಪರ್ ಕೆಲಸ ಒಂಟಿಯಾಗಿ ನಡೆಯುವಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಹಂಚಿಕೊಂಡು ಮಾಡುವ ಕೆಲಸ. ಒಬ್ಬರು ಗೋಲಿನಲ್ಲಿದ್ದಾಗ ಇನ್ನೊಬ್ಬರು ಬೆಂಚಿನಲ್ಲಿ. ನಾಲ್ಕೈದು ಎಸೆತ ಸತತವಾಗಿ ಒಳಗೆ ಹೋದರೆ ಅಂಗಳದ ಅಂಚಿನಿಂದ ಸನ್ನೆ ಬರುತ್ತದೆ, ಸ್ಥಾನ ಬಿಟ್ಟುಕೊಟ್ಟು ಓಡಿಬರಬೇಕು. ಹಿಂದೆ ಕಾರಿ ಓಲ್ವಿಕ್ ಗ್ರಿಮ್ಸ್‌ಬೋ, ಅವರ ನಂತರ ಸಿಲ್ಯೆ ಸೋಲ್‌ಬರ್ಗ್, ಇಬ್ಬರೂ ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಪ್ರಶ್ನೆಯಿಲ್ಲದೆ ಮೊದಲ ಗೋಲ್‌ಕೀಪರ್ ಆಗಿರುತ್ತಿದ್ದವರು. ಇಂಥವರ ಜೊತೆ ಸ್ಥಾನ ಹಂಚಿಕೊಳ್ಳುತ್ತ, ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಏಳು ಮೀಟರ್ ಎಸೆತಕ್ಕಷ್ಟೇ ಒಳಗೆ ಬಂದು ಹೋಗುವ ಪಾತ್ರವನ್ನೂ ಒಪ್ಪಿಕೊಳ್ಳುತ್ತ ಲುಂಡೆ ಉಳಿದರು. ದೊಡ್ಡ ಹೆಸರಿನ ಆಟಗಾರರಿಗೆ ಇದು ಸುಲಭವಾಗಿ ಒಗ್ಗುವ ಗುಣವಲ್ಲ. ನಾರ್ವೆಯ ಪರ ಅತಿ ಹೆಚ್ಚು ಪಂದ್ಯ ಆಡಿದ ದಾಖಲೆ ಕರೋಲೀನೆ ಡೀರೆ ಬ್ರೈವಾಂಗ್ ಅವರ ಹೆಸರಿನಲ್ಲಿತ್ತು, 305 ಪಂದ್ಯಗಳು. ಅದನ್ನು ಲುಂಡೆ ದಾಟಿದ್ದರಲ್ಲಿ ಈ ಗುಣದ ಪಾಲು ದೊಡ್ಡದು ಎಂದೇ ನಾನು ತಿಳಿಯುತ್ತೇನೆ.

ಕ್ಲಬ್ ಆಟದ ಕಥೆ ಇನ್ನೂ ಸ್ವಾರಸ್ಯದ್ದು. ಡೆನ್ಮಾರ್ಕಿನ ವೀಬೋರ್ಗ್ ಪರ 2009 ಮತ್ತು 2010ರಲ್ಲಿ ಅವರು ಯುರೋಪಿನ ಕ್ಲಬ್‌ಗಳ ಅತ್ಯುನ್ನತ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. 2009ರ ಫೈನಲ್‌ನಲ್ಲಿ ಸೋತ ತಂಡ ಹಂಗೇರಿಯ ಗ್ಯೋರ್. ಮರುವರ್ಷ ಲುಂಡೆ ಅದೇ ಗ್ಯೋರ್ ತಂಡವನ್ನು ಸೇರಿದರು. ಆ ಕ್ಲಬ್‌ಗೆ ಮೊದಲ ಚಾಂಪಿಯನ್ಸ್ ಲೀಗ್ ಪ್ರಶಸ್ತಿ ಸಿಕ್ಕಿದ್ದು 2013ರಲ್ಲಿ, ಅದೂ ನಾರ್ವೆಯ ಲಾರ್ವಿಕ್ ತಂಡವನ್ನು ಸೋಲಿಸಿ, 2014ರಲ್ಲಿ ಮತ್ತೊಮ್ಮೆ. ಆಮೇಲೆ ಎರಡು ವರ್ಷ ರಷ್ಯಾದ ರೊಸ್ತೋವ್‌ನಲ್ಲಿ ಆಡಿ, 2017ರಲ್ಲಿ ತಾಯಿಯಾಗಿ, ಮೂವತ್ತೇಳರ ವಯಸ್ಸಿನಲ್ಲಿ, ಹುಟ್ಟೂರು ಕ್ರಿಸ್ಟಿಯಾನ್ಸಾಂಡಿಗೆ ಮರಳಿ ಅಲ್ಲಿನ ವೈಪರ್ಸ್ ತಂಡ ಸೇರಿದರು. ಹೊರಗಿನಿಂದ ನೋಡಿದವರು ಇದನ್ನು ನಿವೃತ್ತಿಯ ಮುನ್ನುಡಿಯೆಂದೇ ಭಾವಿಸಿದ್ದರೆ ಅವರನ್ನು ದೂರುವಂತಿಲ್ಲ. ಆದದ್ದೇ ಬೇರೆ. 2018ರಲ್ಲಿ ವೈಪರ್ಸ್ ನಾರ್ವೆಯ ಲೀಗ್ ಗೆದ್ದು ಲಾರ್ವಿಕ್‌ನ ದೀರ್ಘ ಏಕಸ್ವಾಮ್ಯವನ್ನು ಮುರಿಯಿತು. ಓಲೆ ಗುಸ್ತಾವ್ ಯೆಕ್‌ಸ್ಟಾಡ್ ಅವರ ತರಬೇತಿಯಲ್ಲಿ 2021, 2022 ಮತ್ತು 2023ರಲ್ಲಿ ಸತತವಾಗಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2022ರ ಫೈನಲ್‌ನಲ್ಲಿ ಎದುರಾಳಿ ಹಳೆಯ ತಂಡ ಗ್ಯೋರ್, ಆ ಕಡೆಯ ಗೋಲ್‌ಕೀಪರ್‌ಗಳಲ್ಲಿ ಒಬ್ಬರು ರಾಷ್ಟ್ರೀಯ ತಂಡದ ಜೊತೆಗಾತಿ ಸೋಲ್‌ಬರ್ಗ್. ವೈಪರ್ಸ್ 33–31ರಿಂದ ಗೆದ್ದಿತು. ಮೂರು ಕ್ಲಬ್‌ಗಳ ಪರ ಒಟ್ಟು ಏಳು ಚಾಂಪಿಯನ್ಸ್ ಲೀಗ್ ಪ್ರಶಸ್ತಿಗಳು ಲುಂಡೆ ಅವರ ಪಾಲಿಗೆ ಬಂದಿವೆ. ಹಣದ ಮುಗ್ಗಟ್ಟಿಗೆ ಸಿಲುಕಿದ ವೈಪರ್ಸ್ 2025ರ ಜನವರಿಯಲ್ಲಿ ದಿವಾಳಿಯಾಯಿತು. ಯುರೋಪನ್ನು ಮೂರು ವರ್ಷ ಆಳಿದ ಕ್ಲಬ್ ಎರಡೇ ವರ್ಷದಲ್ಲಿ ಇಲ್ಲವಾದದ್ದು ಆ ಊರಿನವರಿಗೆ ಹೇಗಾಗಿರಬೇಡ.

ಸೋಲುಗಳ ಕಡೆಗೂ ನೋಡಬೇಕು, ಏಕೆಂದರೆ ನಾನು ಹೇಳುತ್ತಿರುವ ಮನೋಬಲಕ್ಕೆ ಸಾಕ್ಷಿ ಅಲ್ಲೇ ಇದೆ. 2016ರ ರಿಯೊ ಸೆಮಿಫೈನಲ್‌ನಲ್ಲಿ ರಷ್ಯಾಕ್ಕೆ ಹೆಚ್ಚುವರಿ ಅವಧಿಯಲ್ಲಿ 37–38ರ ಸೋಲು. ಟೋಕಿಯೊ ಸೆಮಿಫೈನಲ್‌ನಲ್ಲಿ ಮತ್ತೆ ರಷ್ಯಾದ ಆಟಗಾರ್ತಿಯರಿಗೇ 26–27ರ ಸೋಲು. ಎರಡು ಸಲವೂ ಒಂದೇ ಗೋಲಿನ ಅಂತರ, ಎರಡು ಸಲವೂ ಮೂರನೆಯ ಸ್ಥಾನಕ್ಕಾಗಿ ಮತ್ತೆ ಅಂಗಳಕ್ಕಿಳಿಯುವ ಕಷ್ಟ. ರಿಯೊದಲ್ಲಿ ನೆದರ್ಲೆಂಡ್ಸನ್ನು 36–26ರಿಂದ, ಟೋಕಿಯೊದಲ್ಲಿ ಸ್ವೀಡನ್ನನ್ನು 36–19ರಿಂದ ಸೋಲಿಸಿ ಕಂಚು ಪಡೆದರು. ಹತ್ತು ಮತ್ತು ಹದಿನೇಳು ಗೋಲುಗಳ ಈ ಅಂತರಗಳನ್ನು ನಾನು ಕೆಲವು ಚಿನ್ನಗಳಿಗಿಂತ ಹೆಚ್ಚು ಗೌರವದಿಂದ ನೋಡುತ್ತೇನೆ. ಲುಂಡೆ ಐದು ಒಲಿಂಪಿಕ್ಸ್ ಆಡಿದ್ದಾರೆ, ಐದರಲ್ಲೂ ಪದಕವಿದೆ.

ಪ್ಯಾರಿಸ್‌ನಲ್ಲೂ ಆರಂಭ ಸೋಲಿನಿಂದಲೇ. ಮೊದಲ ಪಂದ್ಯದಲ್ಲಿ ಸ್ವೀಡನ್ 32 ಗೋಲು ಹೊಡೆದು ನಾಲ್ಕು ಗೋಲುಗಳ ಅಂತರದಿಂದ ಗೆದ್ದಿತು. ಗೋಲ್‌ಕೀಪರ್‌ಗೆ ವಯಸ್ಸಾಯಿತು ಎನ್ನಲು ಯಾರಿಗಾದರೂ ಅಷ್ಟು ಸಾಕಿತ್ತು. ಆಮೇಲಿನ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್‌ಗೆ ಬಿಟ್ಟುಕೊಟ್ಟದ್ದು 15 ಗೋಲು, ಸೆಮಿಫೈನಲ್‌ನಲ್ಲಿ ಡೆನ್ಮಾರ್ಕಿಗೆ 21, ಫೈನಲ್‌ನಲ್ಲಿ ಫ್ರಾನ್ಸಿಗೆ 21. ಜಗತ್ತಿನ ಅತ್ಯುತ್ತಮ ತಂಡಗಳ ಎದುರು ಮೂರು ನಿರ್ಣಾಯಕ ಪಂದ್ಯಗಳಲ್ಲಿ ಒಟ್ಟು 57. ಇದು ಗೋಲ್‌ಕೀಪರ್ ಒಬ್ಬರ ಸಾಧನೆಯಲ್ಲ. ಮುಂದೆ ಆರು ಮಂದಿ ತೋಳಿಗೆ ತೋಳು ಸೇರಿಸಿ ನಿಂತು, ಎದುರಾಳಿಯನ್ನು ಕೆಟ್ಟ ಕೋನದಿಂದಲೇ ಎಸೆಯುವಂತೆ ಮಾಡಿದಾಗ ಮಾತ್ರ ಹಿಂದಿರುವವರ ಊಹೆ ಫಲಿಸುತ್ತದೆ. ಆದರೆ ಆ ಆರು ಮಂದಿ ಯಾವ ಮೂಲೆಯನ್ನು ಮುಚ್ಚಬೇಕು, ಯಾವುದನ್ನು ಗೋಲ್‌ಕೀಪರ್‌ಗೆ ಬಿಡಬೇಕು ಎಂಬ ಒಪ್ಪಂದದ ಆಧಾರವೇ ಹಿಂದೆ ನಿಂತವರ ಮೇಲಿನ ನಂಬಿಕೆ.

ಆ ವರ್ಷದ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಡೆನ್ಮಾರ್ಕನ್ನು 31–23ರಿಂದ ಸೋಲಿಸಿ ನಾರ್ವೆ ಮತ್ತೆ ಯುರೋಪಿಯನ್ ಚಾಂಪಿಯನ್ ಆಯಿತು. ಹೆರ್ಗೈರ್ಸನ್ ಆ ಗೆಲುವಿನೊಂದಿಗೆ ಹುದ್ದೆಯಿಂದ ಇಳಿದರು. ಅವರ ಜಾಗಕ್ಕೆ ಬಂದವರು ವೈಪರ್ಸ್ ಕಾಲದ ಯೆಕ್‌ಸ್ಟಾಡ್. ಲುಂಡೆ ಮಾತ್ರ ಇನ್ನೂ ಒಂದು ವರ್ಷ ನಿಂತರು. 2025ರ ಡಿಸೆಂಬರಿನಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಜರ್ಮನಿಯನ್ನು ನಾರ್ವೆ 23–20ರಿಂದ ಸೋಲಿಸಿತು. ಇಪ್ಪತ್ತು ಗೋಲಷ್ಟೇ ಬಿಟ್ಟುಕೊಟ್ಟ ಆ ಪಂದ್ಯವೇ, 45ರ ಹರೆಯದಲ್ಲಿ, ರಾಷ್ಟ್ರೀಯ ತಂಡದ ಪರ ಲುಂಡೆ ಅವರ ಕೊನೆಯ ಪಂದ್ಯವಾಯಿತು. ಮೂರು ಒಲಿಂಪಿಕ್ ಚಿನ್ನಗಳ ಜೊತೆಗೆ, 2011 ಮತ್ತು 2021ರ ನಂತರ ಇದು ಅವರ ಮೂರನೆಯ ವಿಶ್ವ ಪ್ರಶಸ್ತಿ.

ನಮಸ್ಕಾರ.