ಇಲಿಗೂ ಮನೆ ಇದೆ, ಅವನಿಗೆ?

ನಮಸ್ಕಾರ, ಬನ್ನಿ ಕೂತ್ಕೊಳ್ಳಿ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರುಗಳೇ, ಹಾಲಿವುಡ್‌ನವರು ಕಪ್ಪು ಜನರನ್ನ ರೌಡಿ ಅಂತ ತೋರಿಸಿದರೂ ಬೈತೀರಿ, ದೇವರಂಥವರು ಅಂತ ತೋರಿಸಿದರೂ ಬೈತೀರಿ. ನಿಮಗೇನು ಬೇಕು?" ಅದಕ್ಕೆ ಬಿದ್ದಷ್ಟು ಲೈಕ್ ನನ್ನ ವಿಡಿಯೋಗೇ ಬಿದ್ದಿಲ್ಲ. ಒತ್ತಿ ಸ್ವಾಮಿ, ದುಡ್ಡು ಹೋಗಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಆ ಪಾತ್ರದ ಮನೆ ಎಲ್ಲಿ?

1999ರ 'ದಿ ಗ್ರೀನ್ ಮೈಲ್' ನೋಡಿದ್ದೀರಲ್ವಾ? ಜಾನ್ ಕಾಫಿ ಅನ್ನೋ ಕಪ್ಪು ಕೈದಿ. ಆನೆಯಂಥ ಆಳು, ಮಗುವಿನ ಮನಸ್ಸು. ಮಾಡದ ಕೊಲೆಗೆ ಮರಣದಂಡನೆ. ಜೈಲು ಕಾಯುವ ಟಾಮ್ ಹ್ಯಾಂಕ್ಸ್‌ಗೆ ಉರಿಮೂತ್ರ, ಕಾಫಿ ಕೈ ಇಟ್ಟ, ವಾಸಿ. ವಾರ್ಡನ್ ಹೆಂಡತಿಯ ಮಿದುಳಿನ ಗೆಡ್ಡೆ, ವಾಸಿ. ಬೂಟಿನಡಿ ಅಪ್ಪಚ್ಚಿಯಾದ ಇಲಿಗೂ ಜೀವ ಬಂತು. ಕಾಫಿ ಮಾತ್ರ, ಬಿಟ್ಟುಬಿಡ್ತೀವಿ ಅಂದರೂ ಬೇಡ, ಸುಸ್ತಾಗಿದೆ ಅಂತ ಹೋಗಿ ಕರೆಂಟ್ ಕುರ್ಚಿಯಲ್ಲಿ ಕೂತ. ಅಪ್ಪ ಅಮ್ಮ ಯಾರು, ಯಾವೂರು? ಗೊತ್ತಿಲ್ಲ. ಇಲಿಗೆ ಮಲಗೋಕೆ ಸಿಗಾರ್ ಡಬ್ಬಿ ಇದೆ ರೀ! ಅವನ ಮನೆ ಎಲ್ಲಿ?

2001ರಲ್ಲೇ ನಿರ್ದೇಶಕ ಸ್ಪೈಕ್ ಲೀ ಇಂಥ ಪಾತ್ರಗಳ ಮೇಲೆ ಹರಿಹಾಯ್ದಿದ್ದರು. ಮಂತ್ರಶಕ್ತಿ ಪೂರ್ತಿ ಬಿಳಿಯರ ಸೇವೆಗೆ, ತನ್ನ ಕೊರಳಿಗೆ ಬಂದಾಗ ಸ್ಟಾಕ್ ಇಲ್ಲ.

"ಅದು ಆ ಕಾಲದ ಕಥೆ ಸಾರ್." ಹೌದೌದು, ಬಂದೇಬಂತು. ಆ ಕಾಲದಲ್ಲಿ ಜನ ಮರದ ಮೇಲೆ ಮಲಗ್ತಿದ್ರಾ?

1939ರ 'ಗಾನ್ ವಿತ್ ದ ವಿಂಡ್' ತಗೊಳ್ಳಿ. ಮನೆಯಾಳು ಮ್ಯಾಮಿ. ಅದು ಹೆಸರಲ್ಲ, ಕೆಲಸ. ಬಿಳಿ ಧಣಿಯ ಮಗಳ ಸೊಂಟದ ಲಾಡಿ ಬಿಗಿಯುತ್ತಾಳೆ, ತಿನ್ನು ಅಂತ ಗದರುತ್ತಾಳೆ. ಅವಳಿಗೆ ಮಕ್ಕಳಿದ್ದವಾ? ಯಾರೂ ಕೇಳಲ್ಲ. ಆ ಪಾತ್ರಕ್ಕೆ 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದರು. ಕಪ್ಪು ಜನರಲ್ಲಿ ಮೊದಲನೆಯವರು. ಕೂರಿಸಿದ್ದು ಎಲ್ಲಿ? ಚಿತ್ರತಂಡದ ಜೊತೆ ಅಲ್ಲ, ಗೋಡೆ ಪಕ್ಕದ ಪುಟ್ಟ ಟೇಬಲ್‌ನಲ್ಲಿ. ಸಮಾರಂಭ ನಡೆದ ಹೋಟೆಲ್ ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ, ನಿರ್ಮಾಪಕರು ಹೇಳಿ ಒಪ್ಪಿಸಬೇಕಾಯಿತು. ಮತ್ತೊಬ್ಬ ಕಪ್ಪು ನಟಿಗೆ ಆಸ್ಕರ್ ಸಿಕ್ಕಿದ್ದು 51 ವರ್ಷ ಆದಮೇಲೆ, ವೂಪಿ ಗೋಲ್ಡ್‌ಬರ್ಗ್‌ಗೆ. 'ಘೋಸ್ಟ್' ಚಿತ್ರಕ್ಕೆ. ಪಾತ್ರ? ಸತ್ತ ಬಿಳಿ ಹುಡುಗನ ಮಾತನ್ನು ಅವನ ಬಿಳಿ ಹುಡುಗಿಗೆ ಮುಟ್ಟಿಸುವವಳು. ಪೋಸ್ಟ್‌ಮ್ಯಾನ್!

"ಆದರೆ ನಟನೆ ಚೆನ್ನಾಗಿದೆಯಲ್ಲ?" ನಾನು ನಟನೆ ಕೇಳಿದೆನಾ? ಮನೆ ಕೇಳಿದೆ. ಬಾಗಿಲು, ಹೊಸಿಲು, ಒಲೆ. ಒಂದು ಅಡ್ರೆಸ್ ಕೊಡಿ, ಪಿನ್‌ಕೋಡ್ ಬೇಡ! ಮನೆ ಎಲ್ಲಿ ಅಂದರೆ... ಅಯ್ಯೋ, ಕೂಗಾಡಿ ನನ್ನ ಕಾಫಿನೂ ಆರಿಹೋಯ್ತು. ಸಬ್‌ಸ್ಕ್ರೈಬ್ ಆಗಿ, ಇನ್ನೊಂದು ಲೋಟ ತರ್ತೀನಿ.